ಕೀಲುಬೇನೆ: ಅದರ ಸ್ವರೂಪ ಮತ್ತು ಉಪಚಾರ

ಮನುಷ್ಯನನ್ನು ಕೊಲ್ಲುವ ರೋಗಗಳಿಗೆ ನಾವು ಅಂಜುತ್ತೇವೆ; ಕೊಲ್ಲದೆ ಕಾಡುವ ರೋಗಗಳನ್ನು ಅಲಕ್ಷಿಸುತ್ತೇವೆ. ಕೀಲುಬೇನೆ ಈ ಎರಡನೆಯ ಬಗೆಯದು. ಲಿಫ್ಟ್ ಇಲ್ಲದ ಚಾಳಿನ ಮೂರನೆಯ ಮಾಳಿಗೆಯಲ್ಲಿ ವಾಸಿಸುವ ಅಜ್ಜಿಗೆ ಮಂಡಿನೋವು ಬಂದಿತೆಂದರೆ ಆಕೆಯ ಪ್ರಪಂಚವು ಒಂದು ಕೋಣೆಯಷ್ಟಕ್ಕೆ ಕುಗ್ಗಿತೆಂದೇ ತಿಳಿಯಬೇಕು. ದೇವಸ್ಥಾನ ತಪ್ಪಿತು, ತರಕಾರಿಯ ಪೇಟೆ ತಪ್ಪಿತು, ರೈಲ್ವೆ ಸೇತುವೆಯ ಮೆಟ್ಟಿಲುಗಳನ್ನು ನೆನೆದೇ ಊರಿಗೆ ಹೋಗಿಬರುವ ಆಸೆಯೂ ಬತ್ತಿತು. ‘ವಯಸ್ಸಾಯಿತು, ಇನ್ನೇನು?’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಸುವುದು ಈ ಲೇಖನದ ಉದ್ದೇಶ. ವಿದ್ಯಾರ್ಥಿಗಳು ಇದನ್ನು ಓದಿ ಮನೆಯಲ್ಲಿ ಹಿರಿಯರಿಗೆ ಓದಿ ಹೇಳಿದರೆ ಲೇಖನ ಬರೆದುದು ಸಾರ್ಥಕ.

ಮೊದಲು ಕೀಲಿನ ರಚನೆಯನ್ನು ನೋಡೋಣ. ಎರಡು ಎಲುಬುಗಳು ಕೂಡುವೆಡೆಯಲ್ಲಿ ಎಲುಬಿಗೆ ಎಲುಬು ನೇರವಾಗಿ ತಾಗುವುದಿಲ್ಲ. ಪ್ರತಿಯೊಂದರ ತುದಿಗೂ ನುಣುಪಾದ, ಬೆಳ್ಳಗಿನ ಮೃದ್ವಸ್ಥಿಯ ಹೊದಿಕೆಯುಂಟು. ಮಂಡಿಯಲ್ಲಿ ಇದರ ದಪ್ಪ ಕೆಲವೇ ಮಿಲಿಮೀಟರು. ಕೀಲನ್ನು ಸುತ್ತುವರಿದ ಚೀಲದ ಒಳಪೊರೆಯು ಮೊಟ್ಟೆಯ ಬಿಳಿಯಂತಹ ಅಂಟು ದ್ರವವನ್ನು ಸ್ರವಿಸುತ್ತದೆ. ಆರೋಗ್ಯವಾದ ಮಂಡಿಯಲ್ಲಿ ಈ ದ್ರವವು ಒಂದು ಚಹದ ಚಮಚೆಯಷ್ಟೂ ಇರುವುದಿಲ್ಲವಾದರೂ ಅದರಿಂದ ನಡೆಯುವ ಕೆಲಸ ಅಗಾಧವಾದುದು.

ಈ ಮೃದ್ವಸ್ಥಿಯಲ್ಲಿ ಎರಡು ವಿಚಿತ್ರಗಳುಂಟು. ಅದರೊಳಗೆ ನರಗಳಿಲ್ಲ, ಆದುದರಿಂದ ಅದು ಸವೆಯತೊಡಗಿದರೂ ಬಹುಕಾಲ ನಮಗೆ ತಿಳಿಯುವುದಿಲ್ಲ. ಅದರೊಳಗೆ ರಕ್ತನಾಳಗಳೂ ಇಲ್ಲ. ಹಾಗಾದರೆ ಅದಕ್ಕೆ ಆಹಾರವೆಲ್ಲಿಂದ? ನೀರಿನಲ್ಲಿ ನೆನೆದ ಸ್ಪಂಜನ್ನು ಒತ್ತಿದರೆ ನೀರು ಹೊರಬರುವುದು, ಬಿಟ್ಟರೆ ಮರಳಿ ಒಳಸೇರುವುದು. ಹಾಗೆಯೇ ನಾವು ಹೆಜ್ಜೆಯಿಟ್ಟಾಗ ಮೃದ್ವಸ್ಥಿಯು ಒತ್ತಲ್ಪಡುತ್ತದೆ, ಕಾಲನ್ನೆತ್ತಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಚಲನೆಯೇ ಅದಕ್ಕೆ ಊಟ. ಮಂಡಿನೋವಿನವರು ಹಾಸಿಗೆ ಹಿಡಿದರೆ ನೋವು ಇಳಿಯುವ ಬದಲು ಏಕೆ ಹೆಚ್ಚುತ್ತದೆಂಬುದಕ್ಕೆ ಒಂದು ಕಾರಣ ಇಲ್ಲಿಯೇ ಇದೆ. ಇನ್ನೊಂದು ಕಾರಣ ತೊಡೆಯ ಮುಂಭಾಗದ ಸ್ನಾಯು. ಮಂಡಿಯನ್ನು ಎತ್ತಿಹಿಡಿಯುವ ಈ ಸ್ನಾಯುವು ಕೆಲಸವಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಸೊರಗಿ, ಭಾರವೆಲ್ಲವೂ ಕೀಲಿನ ಮೇಲೆಯೇ ಬೀಳುವುದು.

ಕೀಲುಬೇನೆಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳನ್ನು ವೈದ್ಯರು ಗುರುತಿಸಿದ್ದಾರೆ. ಅತ್ಯಂತ ಸಾಮಾನ್ಯವಾದುದು ಆಸ್ಟಿಯೋ ಆರ್ಥ್ರೈಟಿಸ್. ಇದನ್ನು ‘ಸವೆತ’ ಎಂದು ಕರೆಯುವುದು ರೂಢಿಯಾದರೂ ಆ ಹೆಸರು ಪೂರ್ತಿಯಾಗಿ ಒಪ್ಪುವಂತಹುದಲ್ಲ. ಕೀಲು ಬಂಡಿಯ ಅಚ್ಚಿನಂತೆ ಬರಿದೇ ತೇಯುವ ಜಡವಸ್ತುವಲ್ಲ. ಮೃದ್ವಸ್ಥಿ ತೆಳ್ಳಗಾದಂತೆ ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆಯುತ್ತದೆ, ಒಳಪೊರೆ ಕೆರಳುತ್ತದೆ, ಸ್ನಾಯು ಕುಂದುತ್ತದೆ. ವಯಸ್ಸು, ವಂಶ, ಹಳೆಯ ಪೆಟ್ಟು, ಮೈಭಾರ, ಇವೆಲ್ಲವೂ ಕಾರಣಗಳು. ಎಕ್ಸ್-ರೇ ಚಿತ್ರದಲ್ಲಿ ಕಾಣುವ ಕೆಡುಕಿಗೂ ಅನುಭವಿಸುವ ನೋವಿಗೂ ತಾಳೆಯಾಗದಿರುವುದುಂಟು. ಚಿತ್ರವನ್ನು ನೋಡಿ ಧೈರ್ಯಗೆಡಬಾರದು.

ಇದಕ್ಕೆ ಉಪಚಾರವೇನು? ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಔಷಧವು ಇಂದಿಗೂ ದೊರೆತಿಲ್ಲ. ಆದರೆ ನೋವನ್ನು ತಗ್ಗಿಸುವ, ನಡೆಯುವ ಶಕ್ತಿಯನ್ನು ಉಳಿಸಿಕೊಡುವ ಉಪಾಯಗಳು ಅನೇಕ, ಅವುಗಳಲ್ಲಿ ಉತ್ತಮವಾದುವಕ್ಕೆ ಕಾಸಿನ ಖರ್ಚಿಲ್ಲ. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ನೀಡಿ, ತೊಡೆಯನ್ನು ಬಿಗಿಹಿಡಿದು, ಐದು ಎಣಿಸುವವರೆಗೆ ನಿಲ್ಲಿಸಿ ಮೆಲ್ಲನೆ ಇಳಿಸಬೇಕು. ಹತ್ತು ಸಲ ಈ ಕಾಲು, ಹತ್ತು ಸಲ ಆ ಕಾಲು, ದಿನಕ್ಕೆರಡು ಹೊತ್ತು. ಫಲ ಕಾಣಲು ಆರೆಂಟು ವಾರ ಹಿಡಿಯುವುದರಿಂದ ಬಹುಮಂದಿ ಎರಡನೆಯ ವಾರದಲ್ಲಿಯೇ ಕೈಬಿಡುತ್ತಾರೆ. ಮನೆಯ ಮಕ್ಕಳು ಎಣಿಸಲು ಜೊತೆಗೆ ಕುಳಿತರೆ ಅಜ್ಜಿಯರು ಬಿಡುವುದಿಲ್ಲವೆಂಬುದನ್ನು ನಾನು ಕಂಡಿದ್ದೇನೆ.

ಮೈಭಾರದ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಒತ್ತಡವು ಸುಮಾರು ನಾಲ್ಕು ಕಿಲೋ ಇಳಿಯುವುದೆಂದು ಅಳೆದು ನೋಡಿದ್ದಾರೆ. ದಿನಕ್ಕೆ ಸಾವಿರಾರು ಹೆಜ್ಜೆ ಇಡುವವರಿಗೆ ಇದು ಅಲ್ಪ ಲಾಭವಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು ನೋವಿರುವ ಮಂಡಿಗೆ ಕಠಿಣ. ಎತ್ತರದ ಮಣೆಯನ್ನೋ ಸ್ಟೂಲನ್ನೋ ಬಳಸತಕ್ಕದ್ದು. ಶೌಚಗೃಹದಲ್ಲಿ ಇಡುವ ಕುರ್ಚಿಗಳು ಈಗ ಎಲ್ಲೆಡೆ ದೊರೆಯುತ್ತವೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲನ್ನು ನೋವಿರುವ ಬದಿಯ ಕೈಯಲ್ಲಿ ಹಿಡಿಯುವುದು ಸಹಜವೆನಿಸಿದರೂ ಸರಿಯಲ್ಲ. ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲು ಮುಂದಿಡುವಾಗ ಕೋಲೂ ಜೊತೆಗೆ ಮುಂದೆ ಹೋಗಬೇಕು. ಆಗಲೇ ಭಾರ ಹಂಚಿಹೋಗುವುದು.

ಬಿಗಿತಕ್ಕೆ ಬಿಸಿನೀರಿನ ಶಾಖ ಹಿತ. ಬಾತು ಕಾವೇರಿದ ಕೀಲಿಗೆ ತಂಪು ಹಿತ. ನೋವು ತಡೆಯದಾದಾಗ ಹಚ್ಚುವ ಮುಲಾಮಿನಿಂದ ಪ್ರಾರಂಭಿಸುವುದು ಲೇಸು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ಚಾಳಿ ನಮ್ಮ ಜನರಲ್ಲಿ ಬಲವಾಗಿದೆ. ಅವು ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಗಳಿಗೆ ಹಾನಿಯನ್ನೂ ಉಂಟುಮಾಡಬಲ್ಲವು. ರಕ್ತದೊತ್ತಡವುಳ್ಳ ವೃದ್ಧರಿಗಂತೂ ಇನ್ನೂ ಅಪಾಯಕರ. ಇಷ್ಟಾದರೂ ನಡೆಯಲಾಗದವರಿಗೆ ಶಸ್ತ್ರಚಿಕಿತ್ಸೆಯುಂಟು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು ಲೋಹ ಮತ್ತು ಪ್ಲಾಸ್ಟಿಕ್ಕಿನಿಂದ ಮಾಡಿದ ಸೊಂಟದ ಕೀಲನ್ನು ಯಶಸ್ವಿಯಾಗಿ ಕೂಡಿಸಿದರು. ಮಂಡಿಯ ಕೀಲು ಮುಂದಿನ ದಶಕದಲ್ಲಿ ಬಂದಿತು. ಇಂದು ಹಾಕಿದ ಮಂಡಿಯು ಬಹುಪಾಲು ಜನರಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ ಮಾಡದವರಿಗೆ ಹೊಸ ಮಂಡಿಯೂ ಪೂರ್ಣವಾಗಿ ಬಾಗದು.

ಬಾಲವಾಚಕರಿಗೆ ಒಂದು ವಿನೋದದ ಸಂಗತಿ. ಬೆರಳಿನ ನೆಟಿಗೆ ಮುರಿದರೆ ಮುಂದೆ ಕೀಲುಬೇನೆ ಬರುವುದೆಂದು ಹಿರಿಯರು ಗದರಿಸುವುದುಂಟಷ್ಟೆ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು ಐವತ್ತು ವರ್ಷಗಳ ಕಾಲ ಎಡಗೈ ಬೆರಳುಗಳ ನೆಟಿಗೆಯನ್ನು ಮಾತ್ರ ದಿನವೂ ಮುರಿದು, ಬಲಗೈಯನ್ನು ಹೋಲಿಕೆಗಾಗಿ ಬಿಟ್ಟು, 1998ರಲ್ಲಿ ಫಲವನ್ನು ಪ್ರಕಟಿಸಿದರು: ಎರಡು ಕೈಗಳಲ್ಲಿಯೂ ಬೇನೆಯಿರಲಿಲ್ಲ. ಒಬ್ಬನ ಪ್ರಯೋಗ ಪ್ರಮಾಣವಾಗದು. ಆದರೂ ಆ ತಾಳ್ಮೆ ಮೆಚ್ಚತಕ್ಕದ್ದು. ಆಲೂಗಡ್ಡೆ, ಬದನೆ, ಕಡಲೆಗಳ ‘ವಾಯು’ವೇ ಕೀಲನ್ನು ಹಿಡಿಯುವುದೆಂಬ ನಂಬಿಕೆಗೂ ಆಧಾರ ಸಿಕ್ಕಿಲ್ಲ.

ಇನ್ನು ಎರಡನೆಯದು, ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮಲ್ಲಿ ಸಂಧಿವಾತ, ಆಮವಾತ ಎಂಬ ಹೆಸರುಗಳು ಬಳಕೆಯಲ್ಲಿವೆ. ಇದು ಮುಪ್ಪಿನ ರೋಗವಲ್ಲ. ದೇಹವನ್ನು ರಕ್ಷಿಸಬೇಕಾದ ನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆರಗುವುದು ಇದರ ಮೂಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ನಡುವಯಸ್ಸಿನಲ್ಲಿಯೇ ಬಹುಮಂದಿಗೆ ಪ್ರಾರಂಭ. ಮಂಡಿಯ ಸವೆತದಲ್ಲಿ ಬೆಳಗಿನ ಬಿಗಿತವು ಅರ್ಧಗಂಟೆಯೊಳಗೆ ಬಿಡುವುದು. ಇದರಲ್ಲಿ ಒಂದು ಗಂಟೆಗೂ ಮೀರಿ ಉಳಿಯುವುದು. ಎರಡೂ ಕೈಗಳ ಬೆರಳುಗಳ ಬುಡ, ಮಣಿಕಟ್ಟು ಬಾತುಕೊಳ್ಳುತ್ತವೆ. ಉಂಗುರ ಹೊರಬರುವುದಿಲ್ಲ, ಒದ್ದೆ ಬಟ್ಟೆ ಹಿಂಡಲಾಗುವುದಿಲ್ಲ, ಡಬ್ಬದ ಮುಚ್ಚಳ ತೆರೆಯಲಾಗುವುದಿಲ್ಲ. ತಾಯಂದಿರು ಇದನ್ನು ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ. ಇದೇ ಅನರ್ಥಕ್ಕೆ ದಾರಿ. ಏಕೆಂದರೆ ಕೀಲುಗಳ ಕೆಡುಕು ಬಹಳಮಟ್ಟಿಗೆ ಮೊದಲೆರಡು ವರ್ಷಗಳಲ್ಲಿಯೇ ನಡೆದುಹೋಗುವುದು; ಸೊಟ್ಟಗಾದ ಬೆರಳನ್ನು ಆಮೇಲೆ ಔಷಧವು ನೆಟ್ಟಗೆ ಮಾಡಲಾರದು.

ಈ ರೋಗದ ಚಿಕಿತ್ಸೆಯ ಇತಿಹಾಸವು ರೋಚಕವಾದುದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತವಿದ್ದವರಿಗೆ ಕಾಮಾಲೆಯಾದರೆ ಅಥವಾ ಅವರು ಗರ್ಭಿಣಿಯರಾದರೆ ಕೀಲುನೋವು ತಾನಾಗಿಯೇ ಇಳಿಯುವುದನ್ನು ಗಮನಿಸಿ, ದೇಹದಲ್ಲಿಯೇ ಯಾವುದೋ ಉಪಶಮನಕಾರಿ ವಸ್ತುವಿರಬೇಕೆಂದು ಊಹಿಸಿದರು. ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದ ವಸ್ತುವನ್ನು 1948ರಲ್ಲಿ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಚುಚ್ಚಲು, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಅದೇ ಕಾರ್ಟಿಸೋನ್. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಹರ್ಷವು ಬಹುಕಾಲ ಉಳಿಯಲಿಲ್ಲ. ದೀರ್ಘಕಾಲ ಸೇವಿಸಿದವರ ಮುಖ ಊದಿತು, ಎಲುಬು ಟೊಳ್ಳಾಯಿತು, ರಕ್ತದಲ್ಲಿ ಸಕ್ಕರೆ ಏರಿತು. ಇಂದು ಸ್ಟಿರಾಯ್ಡನ್ನು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲಕ್ಕೆ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡುತ್ತಾರೆ. ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು; ಅರಿಯದೆ ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಗುಳಿಗೆಯ ಚೀಟಿಯನ್ನು ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ ಎಷ್ಟು ಉಪಕಾರ!

ಹೆಸರಿಲ್ಲದ ಪೊಟ್ಟಣಗಳಲ್ಲಿ ‘ಮೂರೇ ದಿನದಲ್ಲಿ ಗುಣ’ ಎಂದು ಮಾರುವ ಪುಡಿಗಳ ವಿಚಾರದಲ್ಲಿ ಎಚ್ಚರವಿರಲಿ. ಇಂತಹ ಎಷ್ಟೋ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಬಯಲಾಗಿದೆ. ಅವನ್ನು ಬಹುದಿನ ತಿಂದು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಉಳಿದ ಬಗೆಗಳನ್ನು ಹೆಸರಿಸಿ ಮುಂದೆ ಸಾಗುತ್ತೇನೆ. ಕಾಲಿನ ಹೆಬ್ಬೆರಳು ನಡುರಾತ್ರಿ ಬೆಂಕಿಯಿಟ್ಟಂತೆ ಉರಿದರೆ ಅದು ಬಹುಶಃ ಗೌಟ್. ಯೂರಿಕ್ ಆಮ್ಲದ ಹರಳುಗಳು ಇದಕ್ಕೆ ಕಾರಣ, ಮದ್ಯವು ಇದರ ಮಿತ್ರ. ಹಗಲು ಕಚ್ಚುವ ಸೊಳ್ಳೆಯಿಂದ ಹರಡುವ ಚಿಕೂನ್‌ಗುನ್ಯ ಜ್ವರವು 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳನ್ನು ಹಣ್ಣುಮಾಡಿತು. ಜ್ವರ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟದ ಕೀಲನ್ನು ಕೆಡಿಸುವ ವಂಶಪಾರಂಪರ್ಯದ ಬೇನೆಯೊಂದು ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆದರೆ ನಮ್ಮ ಶಾಲೆಯ ಮಕ್ಕಳ ವಯಸ್ಸಿಗೇ ಸಂಬಂಧಿಸಿದ ಒಂದನ್ನು ಬಿಡಲಾಗದು: ರುಮಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ, ಒಂದು ಜಾತಿಯ ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳ ಮೇಲೆ ಇದು ಕಾಣಿಸಿಕೊಳ್ಳುವುದು. ಇಂದು ಮಂಡಿ ಬಾತಿರುತ್ತದೆ, ನಾಳೆ ಅದು ಇಳಿದು ಹಿಮ್ಮಡಿಯ ಗಂಟು, ನಾಡಿದ್ದು ಮೊಣಕೈ. ‘ಆಟದಲ್ಲಿ ಬಿದ್ದಿರಬೇಕು’ ಎಂದು ತಾಯ್ತಂದೆಗಳು ಸುಮ್ಮನಾಗುತ್ತಾರೆ. ಕೀಲುಗಳು ಕುರುಹಿಲ್ಲದಂತೆ ಗುಣವಾಗುತ್ತವೆ. ಹೃದಯದ ಕವಾಟಗಳು ಮಾತ್ರ ಕೆಟ್ಟು ಉಳಿಯುತ್ತವೆ. ಇಕ್ಕಟ್ಟಿನ ವಸತಿಗಳಲ್ಲಿ ಇದು ಹೆಚ್ಚು. ಗಂಟಲುನೋವಿಗೆ ಕಾಲದಲ್ಲಿ ಪೆನಿಸಿಲಿನ್ ದೊರೆತರೆ ಈ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನನ್ನು ಅನೇಕ ವರ್ಷ, ಸಾಮಾನ್ಯವಾಗಿ ಇಪ್ಪತ್ತೊಂದನೆಯ ವಯಸ್ಸಿನವರೆಗಾದರೂ, ಕೊಡಬೇಕಾಗುತ್ತದೆ. ಮಗು ಲವಲವಿಕೆಯಿಂದ ಓಡಾಡುತ್ತಿರುವುದನ್ನು ಕಂಡು ಇದನ್ನು ನಿಲ್ಲಿಸಿದವರು ಪಶ್ಚಾತ್ತಾಪಪಟ್ಟಿದ್ದಾರೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವಾಗ ವೈದ್ಯರ ಚೀಟಿಯನ್ನೂ ಮುಂದಿನ ಇಂಜೆಕ್ಷನ್ನಿನ ತಾರೀಖನ್ನೂ ಜೊತೆಯಲ್ಲಿ ಕೊಂಡೊಯ್ಯಬೇಕು. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಆ ತಿಂಗಳಿನದನ್ನು ಅಲ್ಲಿಯೇ ಹಾಕಿಸಿಕೊಳ್ಳಬಹುದು.