ಬೆಳಗಿನ ಜಾವದ ವೈತಾಳಿಕರು

ಕಳೆದ ಆಷಾಢದಲ್ಲಿ ಕಾರ್ಯನಿಮಿತ್ತವಾಗಿ ತೀರ್ಥಹಳ್ಳಿಯ ಕಡೆಗೆ ಹೋಗಿದ್ದಾಗ ಸ್ನೇಹಿತರೊಬ್ಬರ ತೋಟದ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಇನ್ನೂ ಮುಖ ಕಾಣದ ಕತ್ತಲೆ, ಹೊರಗೆ ಜಿನುಗುಮಳೆ. ಹಳ್ಳದ ಕಡೆಯಿಂದ ಯಾವನೋ ಹುಡುಗನು ರಾಗದ ಗೊಡವೆಯಿಲ್ಲದೆ ತನ್ನ ಪಾಡಿಗೆ ತಾನು ಸಿಳ್ಳು ಹಾಕುತ್ತಿದ್ದನು. ಇಂತಹ ಹೊತ್ತಿನಲ್ಲಿ ಮಕ್ಕಳನ್ನು ಮಳೆಯಲ್ಲಿ ಅಲೆಯಬಿಡುವ ತಂದೆತಾಯಿಗಳ ವಿಷಯದಲ್ಲಿ ನಾವು ಎರಡು ಕಠಿಣವಾದ ಮಾತುಗಳನ್ನು ಆಡಿಯೇಬಿಟ್ಟೆವು. “ಹುಡುಗನಲ್ಲ ಸ್ವಾಮಿ, ಅದು ಸಿಳ್ಳಾರ” ಎಂದು ಮನೆಯ ಯಜಮಾನರು ನಕ್ಕರು.

ಹಿಂದೆ ಇಂಗ್ಲಿಷರೂ ಈ ಪಕ್ಷಿಯನ್ನು ಸಿಳ್ಳು ಹಾಕುವ ಶಾಲೆಯ ಹುಡುಗನೆಂದೇ ಕರೆಯುತ್ತಿದ್ದರೆಂದು ತಿಳಿದ ಮೇಲೆ ನಮ್ಮ ನಾಚಿಕೆಯು ಸ್ವಲ್ಪ ಇಳಿಯಿತು. ಸಹ್ಯಾದ್ರಿಯ ಹಳ್ಳಕೊಳ್ಳಗಳ ಬಳಿ ವಾಸಿಸುವ, ಕಪ್ಪುಮಿಶ್ರಿತ ನೀಲವರ್ಣದ ಈ ಹಕ್ಕಿಯು ಮಳೆಗಾಲದಲ್ಲಿಯೇ ಹೆಚ್ಚಾಗಿ ಹಾಡುವುದು. ಅದೂ ಮೂಡಲು ಕೆಂಪೇರುವ ಮೊದಲೇ. ಅದರ ಹಿಂದೆಯೇ ಮಡಿವಾಳ ಹಕ್ಕಿ, ಪಿಕಳಾರ, ಕೆಂಬೂತದ ಗಂಭೀರವಾದ ಹೂಂಕಾರ, ಕುಟುರದ ಎಡೆಬಿಡದ ಕೂಗು. ಆ ಹೊತ್ತಿನಲ್ಲಿ ಹುಳುಹುಪ್ಪಟೆಗಳನ್ನು ಹುಡುಕಲು ಬೆಳಕು ಸಾಲದು. ಗಾಳಿಯು ನಿಶ್ಚಲವಾಗಿರುವುದರಿಂದ ದನಿಯು ದೂರ ಮುಟ್ಟುವುದು. ಆದುದರಿಂದಲೇ ಗಂಡುಹಕ್ಕಿಗಳು ತಮ್ಮ ಸರಹದ್ದನ್ನು ಸಾರಲು ಈ ಜಾವವನ್ನು ಆರಿಸಿಕೊಂಡಿವೆಯೆಂದು ಪಕ್ಷಿಶಾಸ್ತ್ರಜ್ಞರ ಅಭಿಪ್ರಾಯ. (ಕೋಗಿಲೆಯಲ್ಲಿಯೂ ಕುಹೂ ಎನ್ನುವುದು ಗಂಡೇ, ಗಾಯಕಿಯರಿಗೆ ಕೋಗಿಲೆಯ ಬಿರುದನ್ನು ಕೊಡುವ ಸಭೆಗಳವರು ಕ್ಷಮಿಸಬೇಕು.)

ತೋಟದ ಮುದುಕ ಆಳು ಕಂಬಳಿ ಹೊದ್ದು ಜಗಲಿಯಲ್ಲಿ ಕುಳಿತು, ದನಿಯನ್ನು ಕೇಳಿಯೇ ಹನ್ನೊಂದು ಹಕ್ಕಿಗಳ ಹೆಸರನ್ನು ಹೇಳಿದನು. ಪಕ್ಕದಲ್ಲಿದ್ದ ಯಜಮಾನರ ಮೊಮ್ಮಗನು ಮಡಿವಾಳ ಹಕ್ಕಿಯ ಇಂಗ್ಲಿಷ್ ಹೆಸರನ್ನು ಬಲ್ಲನು. ಕನ್ನಡದ ಹೆಸರನ್ನು ಅರಿಯನು. ಹುಡುಗನ ತಪ್ಪಲ್ಲ; ಅವನ ಕೈಗೆ ನಾವು ಕೊಟ್ಟ ಪುಸ್ತಕವೇ ಅಂತಹದು.

1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಸಾಹೇಬರು ಭಾರತದ ಹಕ್ಕಿಗಳ ವಿಷಯದಲ್ಲಿಯೂ ಮಹಾಪಂಡಿತರಾಗಿದ್ದರು. ಬಹುವರ್ಷಗಳ ಶ್ರಮದಿಂದ ಬರೆದಿಟ್ಟ ಅವರ ಹಸ್ತಪ್ರತಿಗಳನ್ನು ಸಿಮ್ಲೆಯಲ್ಲಿ ಸೇವಕನೊಬ್ಬನು ರದ್ದಿಯ ಕಾಗದವೆಂದು ಪೇಟೆಗೆ ಮಾರಿಬಿಟ್ಟನು. ಮನನೊಂದ ಸಾಹೇಬರು ತಮ್ಮ ಪಕ್ಷಿಸಂಗ್ರಹವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ನಮ್ಮ ನಾಡಿನಲ್ಲಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು; ಪೂರ್ಣಚಂದ್ರ ತೇಜಸ್ವಿಯವರು ಕನ್ನಡದಲ್ಲಿ ಹಕ್ಕಿಗಳ ಪುಸ್ತಕಗಳನ್ನು ಬರೆದು ಉಪಕಾರ ಮಾಡಿದರು. ಆದರೂ ಊರೂರಿನ ಮುದುಕರ ಬಾಯಲ್ಲಿರುವ ಹೆಸರುಗಳೆಲ್ಲವೂ ಪುಸ್ತಕಕ್ಕೆ ಬಂದಿರುವುವೆಂದು ಹೇಳಲಾಗದು.

ನಾವಾದರೂ ಮಾಡಿದ್ದೇನು? ಆ ಹನ್ನೊಂದು ಹೆಸರುಗಳನ್ನು ಬಸ್ಸಿನ ಚೀಟಿಯ ಬೆನ್ನಿನ ಮೇಲೆ ಗುರುತುಹಾಕಿಕೊಂಡೆವು. ಊರಿಗೆ ಬಂದು ನೋಡಲು, ಶಾಯಿಯು ಮಳೆಗೆ ತೊಯ್ದು ನಾಲ್ಕು ಹೆಸರುಗಳು ಮಾತ್ರ ಓದಲು ಬಂದವು. ದೀಪಾವಳಿಯ ಹೊತ್ತಿಗೆ ಸ್ನೇಹಿತರಿಗೆ ಬರೆದು ಕೇಳಿದೆವು. ಮುದುಕನು ಹಿಂದಿನ ತಿಂಗಳೇ ತೀರಿಕೊಂಡನೆಂದು ಉತ್ತರ ಬಂದಿತು.

ಹಳ್ಳಿಗಳಲ್ಲಿ ಮುಕ್ಕಾಂ ಮಾಡುವ ಅಧಿಕಾರಿಗಳೂ ಉಪಾಧ್ಯಾಯರೂ ಒಂದು ದಿನ ಸೂರ್ಯೋದಯಕ್ಕೆ ಗಳಿಗೆ ಮುಂಚೆ ಎದ್ದು, ತಿಳಿದ ಹಿರಿಯರನ್ನು ಜೊತೆಯಲ್ಲಿ ಕೂರಿಸಿಕೊಂಡು, ಕೇಳಿದ ಹೆಸರುಗಳನ್ನು ಊರಿನ ಹೆಸರಿನೊಡನೆ ಬರೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇವೆ. ಬಂದುದೆಲ್ಲವನ್ನೂ ಈ ಪುಟದಲ್ಲಿಯೇ ಪ್ರಕಟಿಸುವೆವು.