ಗೊಂಬೆಗಳ ಜೊತೆ ಇಳಿದವು

ಪಿತೃಪಕ್ಷ ಮುಗಿಯುವ ಹೊತ್ತಿಗೆ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಏಣಿಗೆ ಬಿಡುವಿರುವುದಿಲ್ಲ. ಒಂದು ಮನೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಎದುರುಮನೆಗೆ ಅದರ ಸವಾರಿ ನಡೆದೇ ಇರುತ್ತದೆ. ನವರಾತ್ರಿಗೆ ಗೊಂಬೆ ಕೂರಿಸಬೇಕು. ಗೊಂಬೆಗಳು ಅಟ್ಟದ ಮೇಲಿವೆ. ಅವುಗಳ ಪೆಟ್ಟಿಗೆಯ ಮುಂದೆ, ವರ್ಷವಿಡೀ ‘ಸದ್ಯಕ್ಕೆ ಮೇಲಿಡಿ’ ಎಂದು ತಳ್ಳಿದ ಸಾಮಾನೆಲ್ಲ ಅಡ್ಡ ಕೂತಿದೆ. ಪಟ್ಟದ ಗೊಂಬೆ ಇಳಿಯಬೇಕಾದರೆ ಮೊದಲು ಅದೆಲ್ಲ ಇಳಿಯಬೇಕು. ಮನೆ ಹಗುರ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ನಮ್ಮ ಪಂಚಾಂಗದಲ್ಲಿ ಇಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮ ಸೋದರತ್ತೆಯ ಮನೆಯಲ್ಲಿ ಈ ಕೆಲಸ ನಡೆಯುವ ರೀತಿಯನ್ನು ನೋಡಬೇಕು. ನಡುಮನೆಯ ಕುರ್ಚಿಗಳೆಲ್ಲ ಗೋಡೆಗೆ ಸರಿದಿರುತ್ತವೆ. ನೆಲಕ್ಕೆ ಹಳೆಯ ಜಮಖಾನ ಹಾಸಿರುತ್ತಾರೆ. ಮೊಮ್ಮಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅಟ್ಟದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೈಗೆ ಸಿಕ್ಕಿದ್ದನ್ನು ಒಂದೊಂದಾಗಿ ಕೆಳಗೆ ಕೊಡುತ್ತಾನೆ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಸಮೇತ. ಕಡ್ಡಿ ಮುರಿದ ಕೊಡೆ. ತೊಟ್ಟಿಲ ಸರಪಳಿ. ಸೀಮೆಎಣ್ಣೆ ಸ್ಟೌ. ಹಿತ್ತಾಳೆಯ ಕೊಳದಪ್ಪಲೆ. ಆಮೇಲೆ ಡಬ್ಬಗಳು, ಡಬ್ಬಗಳು, ಡಬ್ಬಗಳು: ಹಾರ್ಲಿಕ್ಸ್ ಬಾಟಲಿ, ಐಸ್‌ಕ್ರೀಮ್ ಡಬ್ಬ, ಬಿಸ್ಕತ್ತಿನ ತಗಡಿನ ಡಬ್ಬ. ದೂಳು, ನುಸಿಗುಳಿಗೆ, ಹಳೆಯ ಕಾಗದ, ಎಲ್ಲ ಸೇರಿದ ಒಂದು ವಾಸನೆ ಇಡೀ ಮನೆಗೆ ಹರಡುತ್ತದೆ.

ಅತ್ತೆಯ ಮೊದಲ ಕಟ್ಟಳೆ: ಒಂದು ದಿನಕ್ಕೆ ಒಂದೇ ಜಾಗ. ಅಟ್ಟಕ್ಕೆ ಕೈಹಾಕಿದ ದಿನ ಬೀರು ತೆಗೆಯುವಂತಿಲ್ಲ. ಬೀರು ತೆಗೆದ ದಿನ ಅಡುಗೆಮನೆಯ ತಂಟೆಗೆ ಹೋಗುವಂತಿಲ್ಲ. ಅರ್ಧಂಬರ್ಧ ಹರವಿಕೊಂಡ ಮನೆಯಲ್ಲಿ ರಾತ್ರಿ ಹಾಸಿಗೆ ಹಾಸಲು ಜಾಗವಿಲ್ಲದೆ, ಬೇಸತ್ತು ಎಲ್ಲವನ್ನೂ ಮತ್ತೆ ಒಳಗೆ ತುರುಕಿದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಎರಡನೆಯದು ಈ ಮೊದಲನೆಯದಕ್ಕೆ ವಿನಾಯಿತಿ: ಒಂದೇ ಬಗೆಯ ಸಾಮಾನು ಮಾತ್ರ ಮನೆಯ ಎಲ್ಲ ಮೂಲೆಗಳಿಂದ ಬಂದು ಒಂದೇ ಕಡೆ ಗುಡ್ಡೆಯಾಗಬೇಕು. ಜಪಾನಿನ ಮಾರಿ ಕೊಂಡೊ 2010ರಲ್ಲಿ ಬರೆದು ಲೋಕಪ್ರಸಿದ್ಧವಾದ ಪುಸ್ತಕದಲ್ಲಿ ಹೇಳುವುದೂ ಇದನ್ನೇ: ಕೋಣೆಯ ಲೆಕ್ಕದಲ್ಲಿ ಹೋಗಬೇಡಿ, ವಸ್ತುವಿನ ಲೆಕ್ಕದಲ್ಲಿ ಹೋಗಿ. ಅತ್ತೆ ಆ ಪುಸ್ತಕ ಓದಿದವರಲ್ಲ. ಆದರೆ ಕತ್ತರಿಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿಸಿದಾಗ ಏಳು ಕತ್ತರಿ ಸಿಕ್ಕವು. ಮನೆಯಲ್ಲಿ ಕತ್ತರಿ ಕಾಣುತ್ತಿಲ್ಲವೆಂದು ಮತ್ತೆ ಮತ್ತೆ ಕೊಂಡುತಂದದ್ದರ ಲೆಕ್ಕ ಆ ತಟ್ಟೆಯಲ್ಲಿತ್ತು.

ಡಬ್ಬಗಳಿಗೆ ಪರೀಕ್ಷೆ ಸುಲಭ. ಡಬ್ಬ ಒಂದು ಸಾಲು, ಮುಚ್ಚಳ ಒಂದು ಸಾಲು. ಜೋಡಿ ಸಿಗದ್ದು ಆಚೆಗೆ.

‘ಇರಲಿ ಬಿಡೇ, ಯಾವುದಕ್ಕಾದ್ರೂ ಆಗತ್ತೆ’ ಎಂದರು ಅತ್ತೆ, ಒಂದು ಡಬ್ಬ ಹಿಡಿದು.

‘ಯಾವುದಕ್ಕೆ ಅಂತ ಈಗಲೇ ಹೇಳಿ ಅತ್ತೆ, ಚೀಟಿ ಅಂಟಿಸಿ ಇಡ್ತೀನಿ’ ಎಂದಳು ಸೊಸೆ.

ಅತ್ತೆ ಯೋಚಿಸಿದರು. ಡಬ್ಬ ಆಚೆ ಸಾಲಿಗೆ ಹೋಯಿತು.

ನಮ್ಮ ಮನೆಗಳು ತುಂಬಿಕೊಳ್ಳುವುದಕ್ಕೆ ಸೋಮಾರಿತನ ಕಾರಣವೆಂದು ನಾನು ಒಪ್ಪುವುದಿಲ್ಲ. ಕಷ್ಟಪಟ್ಟು ಕೊಂಡದ್ದನ್ನು ಕಸಕ್ಕೆ ಹಾಕಲು ಮನಸ್ಸು ಒಪ್ಪದು; ಅದು ಒಳ್ಳೆಯ ಗುಣವೇ. ಹಿಂದೆ ಪ್ರತಿ ವಸ್ತುವಿಗೂ ಮನೆಯಿಂದ ಹೊರಡುವ ದಾರಿಯೊಂದಿತ್ತು. ಪಂಚೆ ಹರಿದರೆ ಬಾಣಂತಿ ಕೋಣೆಗೆ, ಅಲ್ಲಿಂದ ಒರೆಸುವ ಬಟ್ಟೆಗೆ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೇ ಬರುತ್ತಿದ್ದಳು. ಆ ದಾರಿಗಳು ಒಂದೊಂದಾಗಿ ಮುಚ್ಚಿದವು, ಕೊಳ್ಳುವುದು ಮಾತ್ರ ಹೆಚ್ಚಿತು. ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾದರೆ ಸಾಮಾನನ್ನು ಬಿಟ್ಟುಕೊಡುವುದು ಅಷ್ಟೇನೂ ಕಷ್ಟವಲ್ಲ.

ಬಟ್ಟೆಯ ದಿನ ಇದನ್ನು ಕಣ್ಣಾರೆ ಕಂಡೆ. ಬೀರುವಿನಿಂದ ಬಂದ ಸೀರೆಗಳು ಮಂಚದ ಮೇಲೆ ಎದೆಮಟ್ಟ ಏರಿದ್ದವು. ತೊಳೆದು ತೊಳೆದು ಬಣ್ಣ ತೆಳುವಾದ ನೂಲಿನ ಸೀರೆಗಳನ್ನು ಏನು ಮಾಡುವುದೆಂದು ಚರ್ಚೆ ನಡೆದಾಗ ಧಾರವಾಡ ಕಡೆಯ ಪಕ್ಕದ ಮನೆಯಾಕೆ ಒಳಗೆ ಬಂದರು. ‘ಯಾಕ ಒಗೀತೀರಿ ಅಕ್ಕಾರ? ಕೌದಿ ಹೊಲಸೂಣಲ್ರಿ.’ ಮನೆಗೆ ಹೋಗಿ ತಮ್ಮ ತಾಯಿ ಹೊಲಿದ ಕೌದಿಯನ್ನೇ ತಂದು ಹಾಸಿದರು. ಹತ್ತಿರ ಕೂತು ನೋಡಿದೆ. ಒಳಗೆ ಎರಡು ಮೂರು ಪದರ ಹಳೆಯ ಸೀರೆ, ಮೇಲೆ ಅಂಗೈಯಗಲದ ತುಂಡುಗಳು: ಯಾರದೋ ಲಂಗದ ಅಂಚು, ಇಳಕಲ್ ಸೆರಗಿನ ಕೆಂಪು, ಪಟ್ಟೆ ಪಟ್ಟೆಯ ಅಂಗಿ. ದಪ್ಪ ದಾರದ ಹೊಲಿಗೆ ಅಂಚಿನಲ್ಲಿ ಶುರುವಾಗಿ ಸುತ್ತು ಸುತ್ತು ಒಳಕ್ಕೆ ಹೋಗಿ ನಡುವಿಗೆ ಬಂದು ನಿಲ್ಲುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟೂ ದೂರವಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಸಿದ ಪುಟ್ಟ ತ್ರಿಕೋನಗಳೂ ಇರುತ್ತವೆ; ಅದಕ್ಕೆ ಅವರು ‘ಫೂಲ್’ ಇಡುವುದು ಎನ್ನುತ್ತಾರೆ. ಪಾಲಿಯೆಸ್ಟರ್ ಇದಕ್ಕೆ ಆಗದು, ಮೆತ್ತಗಾದ ನೂಲಿನ ಬಟ್ಟೆಯೇ ಬೇಕು. ಅತ್ತೆ ಆ ಕೌದಿಯನ್ನು ಎರಡು ಸಲ ಸವರಿ, ತಮ್ಮ ನೂಲಿನ ಸೀರೆಗಳನ್ನು ತಾವೇ ಗಂಟು ಕಟ್ಟಿ ಕೊಟ್ಟರು. ಒಂದು ಸೀರೆಯನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಉಳಿದವುಗಳಲ್ಲಿ ರೇಷ್ಮೆಯನ್ನು ಬೇರೆ ಮಡಿಕೆಗೆ ಮಡಿಸಿ, ತೊಳೆದ ಹಳೇ ಪಂಚೆಯಲ್ಲಿ ಸುತ್ತಿದರು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಸೀಳುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡುವುದಿಲ್ಲ. ಕೊಡುವ ಬಟ್ಟೆಯ ವಿಷಯದಲ್ಲಿ ಅತ್ತೆ ಖಡಾಖಂಡಿತ: ನಾವೇ ತೊಟ್ಟು ಬೀದಿಗೆ ಹೋಗುವಂತಿರಬೇಕು. ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಬೇಕು. ಹರಿದದ್ದನ್ನು ಕೊಟ್ಟು ದಾನವೆಂದು ಹೇಳಿಕೊಳ್ಳುವುದು ಇಸ್ಕೊಳ್ಳುವವರಿಗೆ ಮಾಡುವ ಅವಮಾನ. ಈ ಮಾತಿನಲ್ಲಿ ನಾನು ಪೂರ್ತಿ ಅತ್ತೆಯ ಕಡೆ. 2023ರ ಮೇ ತಿಂಗಳಿಂದ ದೇಶದ ಹಲವು ನಗರಗಳಲ್ಲಿ ಬಟ್ಟೆ, ಪುಸ್ತಕ, ಆಟಿಕೆ, ಪಾದರಕ್ಷೆ ತೆಗೆದುಕೊಳ್ಳುವ ‘ಆರ್‌ಆರ್‌ಆರ್’ ಕೇಂದ್ರಗಳನ್ನು ತೆರೆಯಲಾಯಿತು. ನಿಮ್ಮ ವಾರ್ಡಿನಲ್ಲಿ ಅಂಥದ್ದು ಇದೆಯೇ ಎಂದು ಪಾಲಿಕೆಯಲ್ಲಿ ಒಮ್ಮೆ ವಿಚಾರಿಸಿದರೆ ನಷ್ಟವಿಲ್ಲ.

ಸೀರೆಯ ಮಡಿಕೆಯಿಂದ ಹಳೆಯ 500ರ ನೋಟೊಂದು ಬಿತ್ತು. 2016ರ ನವೆಂಬರಿಗೆ ಸತ್ತದ್ದು. ಹಾಗೆ ಸಿಕ್ಕಿದ ಒಂದೆರಡನ್ನು ನೆನಪಿಗೆ ಇಟ್ಟುಕೊಳ್ಳಬಹುದು. ಆದರೆ ರದ್ದಾದ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ಅಪರಾಧ. ಜೊತೆಗೊಂದು ಡಬ್ಬಿಯ ತುಂಬ ನಾಲ್ಕಾಣೆ, 2011ರ ಜೂನ್ ಕೊನೆಗೆ ಚಲಾವಣೆ ನಿಂತದ್ದು. ಮೊಮ್ಮಗಳು ಚೌಕಾಬಾರದ ಕಾಯಿಗೆಂದು ಎತ್ತಿಟ್ಟುಕೊಂಡಳು.

ಕಾಗದಪತ್ರದ ಟ್ರಂಕಿಗೆ ಕೂತರೆ ಇಡೀ ಮಧ್ಯಾಹ್ನ ಬೇಕು. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಪಿಂಚಣಿ ಆದೇಶ, ಜನನ ಮರಣ ಪತ್ರ, ಅಂಕಪಟ್ಟಿ, ಇವು ಒಂದೇ ಫೈಲಿಗೆ, ಮನೆಯ ಇಬ್ಬರಿಗಾದರೂ ಗೊತ್ತಿರುವ ಜಾಗಕ್ಕೆ. ಸಾಮಾನೇ ಇಲ್ಲದ ವಾರಂಟಿ ಕಾರ್ಡು, ಹಳೇ ಗ್ಯಾಸ್ ಚೀಟಿ, ಮುಗಿದ ಮದುವೆಗಳ ಕರೆಯೋಲೆ ರದ್ದಿಗೆ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಇರುವುದನ್ನು ಹರಿದೇ ಹಾಕಬೇಕು, ಇಡಿಯಾಗಿ ರದ್ದಿಗೆ ಕೊಡಬಾರದು.

ವಿದ್ಯುತ್ ಸಾಮಾನಿನ ವಿಚಾರ ಬೇರೆ. ಹಳೆಯ ಡಬ್ಬ ಟಿವಿಯ ಗಾಜಿನಲ್ಲಿ ಸೀಸವಿದೆ, ಸುರುಳಿ ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿದೆ. ಉಬ್ಬಿದ ಮೊಬೈಲ್ ಬ್ಯಾಟರಿ ಒತ್ತಿದರೆ, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಇವು ಯಾವುವೂ ಹಸಿ ಕಸದ ಬುಟ್ಟಿಗೆ ಹೋಗಬಾರದು, ತಾಮ್ರಕ್ಕಾಗಿ ವೈರು ಸುಡುವವರ ಕೈಗೂ ಸೇರಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. ಕೆಟ್ಟದ್ದು ಯಾವುದು ಎಂದು ತಿಳಿಯಲು ಆಯುಧಪೂಜೆಯೇ ಸಾಕು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು, ಎಲ್ಲವನ್ನೂ ಒರೆಸಿ ಸಾಲಿಗಿಟ್ಟು, ಅರಿಸಿನ ಕುಂಕುಮ ಹಚ್ಚುವ ಮೊದಲು ಒಂದು ಸಲ ಓಡಿಸಿ ನೋಡುವುದು. ಮೂರು ಮಿಕ್ಸಿಯಲ್ಲಿ ಓಡಿದ್ದು ಒಂದೇ. ರಿಪೇರಿಗೆ ಹೋಗಬೇಕಾದ್ದು ಅದೇ ವಾರ ಹೋಗಬೇಕು, ಇಲ್ಲವಾದರೆ ಮುಂದಿನ ವರ್ಷವೂ ಅಲ್ಲೇ ಕೂತಿರುತ್ತದೆ.

ಗುಜರಿಯವರು ಬಂದು ಹಿತ್ತಾಳೆಯ ಕೊಳದಪ್ಪಲೆಯನ್ನು ಎತ್ತಿ ಕೊಕ್ಕೆ ತಕ್ಕಡಿಗೆ ತೂಗು ಹಾಕಿದಾಗ ನನಗೆ ಹೊಟ್ಟೆ ಹಿಂಡಿತು. ತಡೆದೆ. ಒಳಗಿನ ತವರ ಹೋಗಿ ಹುಳಿ ಕಿಲುಬುತ್ತದೆ ಎಂಬುದೊಂದೇ ಅದರ ದೋಷ. ಕಲಾಯಿ ಹಾಕಿಸಲು ಕೊಟ್ಟೆವು. ಕೆಂಡದ ಮೇಲೆ ಪಾತ್ರೆ ಚೆನ್ನಾಗಿ ಕಾದಾಗ ಆತ ನವಸಾಗರದ ಪುಡಿ ಎರಚಿದ, ಬಿಳಿ ಹೊಗೆ ಗುಪ್ಪೆಂದು ಎದ್ದಿತು. ತವರದ ಕಡ್ಡಿಯನ್ನು ಒಂದೆರಡು ಕಡೆ ಮುಟ್ಟಿಸಿ ಅರಳೆಯಲ್ಲಿ ರಭಸವಾಗಿ ಒರೆಸುತ್ತಿದ್ದಂತೆ ಕಪ್ಪಾಗಿದ್ದ ಒಡಲೆಲ್ಲ ಬೆಳ್ಳಗೆ ಹೊಳೆಯಿತು. ಆ ದಿನದಿಂದ ಅದು ಅಡುಗೆಮನೆಯಲ್ಲಿದೆ, ಭಾನುವಾರದ ಸಾರು ಅದರಲ್ಲೇ ಕುದಿಯುತ್ತದೆ.

ಕೊನೆಗೆ ಉಳಿದದ್ದು ಮಾವನವರ ಪೆಟ್ಟಿಗೆ: ಕನ್ನಡಕ, ಎಚ್‌ಎಂಟಿ ಗಡಿಯಾರ, ಅರ್ಧ ಬರೆದ ಲೆಕ್ಕದ ಪುಸ್ತಕ. ಸೊಸೆ ಅದನ್ನು ತೆರೆಯಲಿಲ್ಲ. ಇಂಥದ್ದಕ್ಕೆ ಯಾರೂ ಅವಸರ ಮಾಡಬಾರದು. ಡಬ್ಬ, ಬಟ್ಟೆ, ಕಾಗದ ಮುಗಿದ ಮೇಲೆ, ಮನಸ್ಸು ಬಂದ ದಿನ, ಅದು ಈಗ ಯಾರದೋ ಅವರೇ ತೆರೆಯಲಿ. ಅತ್ತೆ ಗಡಿಯಾರವನ್ನು ಮೊಮ್ಮಗನಿಗೆ ಕೊಟ್ಟು, ಮಿಕ್ಕದ್ದನ್ನು ಹಾಗೇ ಮುಚ್ಚಿದರು.

ಖಾಲಿಯಾದ ಜಾಗ ಖಾಲಿಯಾಗಿಯೇ ಉಳಿಯಬೇಕಾದರೆ ಬಾಗಿಲಲ್ಲೇ ಎಚ್ಚರ ಬೇಕು. ಮದುವೆ, ಗೃಹಪ್ರವೇಶದಲ್ಲಿ ಬಂದ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ತಟ್ಟೆ, ಯಾರೂ ಹೊಲಿಸದ ರವಿಕೆ ಕಣ, ಇವೇ ಅಟ್ಟದ ಅರ್ಧ ಭಾರ. ಹೆಸರು ಕೆತ್ತಿಸಿದ ಪಾತ್ರೆಯನ್ನು ಇನ್ನೊಬ್ಬರಿಗೆ ಕೊಡಲಾಗದು. ಅವನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಒಂದೇ ಒಂದು ದೊಡ್ಡ ಕುಕ್ಕರು ತಂದರು. ಗೊಂಬೆ ಬಾಗಿನವನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಡೋಣವೆಂದು ಮೊಮ್ಮಗಳು ಕೇಳಿದ್ದಕ್ಕೆ ಅತ್ತೆ ಒಪ್ಪಲಿಲ್ಲ. ಈ ಸಲ ಎಲೆ ಅಡಿಕೆ, ಬಾಳೆಹಣ್ಣು, ಮಕ್ಕಳಿಗೆ ಕಾಗದದ ಪೊಟ್ಟಣದಲ್ಲಿ ಕೋಡುಬಳೆ, ರವೆಉಂಡೆ. ತಿಂದರೆ ಮುಗಿಯಿತು. ಸಂಜೆ ಆರಕ್ಕೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಅಷ್ಟರಲ್ಲಿ ಉಂಡೆ ಕಟ್ಟಿ ಆಗಬೇಕು.