ಕಡಲ ತೀರಕ್ಕೆ ಇರುಳ ಸವಾರಿ

ಲಂಡನ್ ನಗರದ ಹೈಡ್ ಪಾರ್ಕ್ ಕಾರ್ನರ್ ಎಂಬುದು ಹಗಲಿನಲ್ಲಿ ವಾಹನಗಳಿಂದ ಕಿಕ್ಕಿರಿದಿರುವ ಒಂದು ಕೂಡುರಸ್ತೆ. ಅದರ ನಡುವೆ ನಡುಗಡ್ಡೆಯಂತಿರುವ ಹಸುರು ನೆಲದಲ್ಲಿ ವೆಲಿಂಗ್ಟನ್ ಕಮಾನು ನಿಂತಿದೆ. ಬೇಸಗೆಯ ಕೆಲವು ಶುಕ್ರವಾರಗಳಂದು, ರಾತ್ರಿ ಹನ್ನೊಂದು ಗಂಟೆ ಕಳೆದ ಬಳಿಕ, ಈ ಸ್ಥಳಕ್ಕೆ ಬೈಸಿಕಲ್ ಸವಾರರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಅವರಲ್ಲಿ ತರುಣರೂ ಇರುತ್ತಾರೆ, ತಲೆ ನರೆತವರೂ ಇರುತ್ತಾರೆ. ಕೆಲವರ ವಾಹನಗಳು ಹಗುರವಾದ ಹೊಸ ಯಂತ್ರಗಳು. ಇನ್ನು ಕೆಲವರವು ಪೇಟೆಗೆ ಹೋಗಿ ತರಕಾರಿ ತರಲು ಬಳಸುವಂಥ ಸಾಮಾನ್ಯ ಬೈಸಿಕಲ್ಲುಗಳು. ಎಷ್ಟೋ ಮಂದಿಗೆ ಪರಸ್ಪರ ಪರಿಚಯವಿರುವುದಿಲ್ಲ. ಗಡಿಯಾರದಲ್ಲಿ ಹನ್ನೆರಡು ಹೊಡೆಯುತ್ತಲೇ ಅವರೆಲ್ಲರೂ ಒಟ್ಟಾಗಿ ಹೊರಡುತ್ತಾರೆ. ಅವರು ತಲುಪಬೇಕಾದುದು ಸಮುದ್ರತೀರವನ್ನು.

ಇದಕ್ಕೆ ಅವರು ಇಟ್ಟಿರುವ ಹೆಸರು ‘ಶುಕ್ರವಾರ ರಾತ್ರಿಯ ಕಡಲ ಸವಾರಿ’. ಈ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಸವಾರರು ಒಮ್ಮೆ ಬ್ರೈಟನ್ನಿಗೆ, ಮತ್ತೊಮ್ಮೆ ವಿಟ್‌ಸ್ಟಬಲ್ಲಿಗೆ, ಇನ್ನೊಮ್ಮೆ ಸೌತೆಂಡಿಗೆ ಹೋಗುತ್ತಾರೆ. ಬ್ರೈಟನ್ನಿನ ದಾರಿಯು ಸುಮಾರು 95 ಕಿಲೋಮೀಟರುಗಳಷ್ಟು ಉದ್ದವಾಗಿದೆ. ನುರಿತ ಪಂದ್ಯಗಾರನೊಬ್ಬನು ಇಷ್ಟು ದೂರವನ್ನು ಮೂರು ಗಂಟೆಗಳಲ್ಲಿ ಕ್ರಮಿಸಬಲ್ಲನು. ಈ ಗುಂಪಿಗಾದರೋ ಇಡೀ ರಾತ್ರಿಯೇ ಬೇಕು. ಏಕೆಂದರೆ ಇದು ಪಂದ್ಯವಲ್ಲ.

ಬ್ರೈಟನ್ ದಾರಿಗೂ ಬೈಸಿಕಲ್ಲಿಗೂ ಇರುವ ನಂಟು ಬಹಳ ಹಳೆಯದು. 1869ನೆಯ ಇಸವಿಯ ಫೆಬ್ರವರಿಯಲ್ಲಿ ಜಾನ್ ಮೇಯಲ್, ರೌಲಿ ಟರ್ನರ್, ಚಾರ್ಲ್ಸ್ ಸ್ಪೆನ್ಸರ್ ಎಂಬ ಮೂವರು ಲಂಡನ್ನಿನಿಂದ ಬ್ರೈಟನ್ನಿಗೆ ಹೊರಟರು. ಆಗಿನ ಬೈಸಿಕಲ್ಲಿಗೆ ಸರಪಳಿಯಿರಲಿಲ್ಲ. ತುಳಿಗಳು ಮುಂದಿನ ಚಕ್ರಕ್ಕೇ ಜೋಡಿಸಲ್ಪಟ್ಟಿದ್ದವು. ಚಕ್ರಗಳು ಮರದವು, ಅವುಗಳ ಸುತ್ತ ಕಬ್ಬಿಣದ ಪಟ್ಟಿ. ಗಾಳಿ ತುಂಬಿದ ಟೈರನ್ನು ಡನ್‌ಲಪ್ ರೂಪಿಸಿದುದು 1888ರಲ್ಲಿ. ಆದುದರಿಂದ ದಾರಿಯ ಪ್ರತಿಯೊಂದು ಕಲ್ಲೂ ಸವಾರನ ಮೂಳೆಗಳಿಗೆ ತಾಗುತ್ತಿತ್ತು. ಮೂವರೂ ಕೂಡಿಯೇ ಹೊರಟರಾದರೂ ಮೇಯಲ್ಲನು ಮುಂದೆ ಸಾಗಿದನು, ಜೊತೆಗಾರರು ಹಿಂದುಳಿದರು. ಇತಿಹಾಸದಲ್ಲಿ ಉಳಿದುದು ಮೇಯಲ್ಲನ ಸಾಹಸ. ಹಿಂದುಳಿದ ಇಬ್ಬರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ಇರುಳ ಸವಾರಿಯನ್ನು ಅರಿಯಬೇಕಾದರೆ ಆ ಇಬ್ಬರನ್ನು ನೆನಪಿನಲ್ಲಿಡುವುದು ಲೇಸು.

ಹಗಲನ್ನು ಬಿಟ್ಟು ರಾತ್ರಿಯಲ್ಲೇ ಹೋಗುವುದೇಕೆ? ನಮ್ಮ ನಾಡಿನಲ್ಲಿ ಜೂನ್ ತಿಂಗಳ ರಾತ್ರಿಯು ಸುಮಾರು ಹನ್ನೊಂದು ಗಂಟೆಗಳ ಕಾಲ ಇರುತ್ತದೆ. ಉತ್ತರಕ್ಕೆ ಬಹು ದೂರದಲ್ಲಿರುವ ಲಂಡನ್ನಿನಲ್ಲಿ ಅದೇ ಸಮಯದಲ್ಲಿ ಸೂರ್ಯನು ರಾತ್ರಿ 9 ಗಂಟೆ 20 ನಿಮಿಷದ ಸುಮಾರಿಗೆ ಮುಳುಗಿ, ಬೆಳಗ್ಗೆ 4 ಗಂಟೆ 45 ನಿಮಿಷದ ಹೊತ್ತಿಗೆ ಮತ್ತೆ ಮೂಡುತ್ತಾನೆ. ಮೂರು ಗಂಟೆ ಕಳೆಯುತ್ತಲೇ ಆಕಾಶದಲ್ಲಿ ನಸುಬೆಳಕು ಕಾಣತೊಡಗುತ್ತದೆ. ಹೀಗಾಗಿ ಕತ್ತಲೆಯ ಅವಧಿ ಅಲ್ಪ. ಹಗಲಿನಲ್ಲಿ ಕಾರುಗಳ ಸಾಲು ಕದಲದೆ ನಿಲ್ಲುವ ದಕ್ಷಿಣ ಲಂಡನ್ನಿನ ಬೀದಿಗಳು ನಡುರಾತ್ರಿ ಕಳೆದ ಮೇಲೆ ತೆರವಾಗುತ್ತವೆ. ಊರ ಹೊರಗಿನ ಕಿರುದಾರಿಗಳಲ್ಲಂತೂ ಗಂಟೆಗೊಂದು ವಾಹನ ಬಂದರೆ ಹೆಚ್ಚು. ಇಬ್ಬರು ಜೊತೆಜೊತೆಯಾಗಿ ಮಾತನಾಡುತ್ತ ಸಾಗಲು ಹಗಲಿನ ರಸ್ತೆಯು ಅವಕಾಶ ಕೊಡುವುದಿಲ್ಲ. ರಾತ್ರಿಯ ರಸ್ತೆ ಕೊಡುತ್ತದೆ. ಮುಖ ಕಾಣದ ಕತ್ತಲಿನಲ್ಲಿ ಅಪರಿಚಿತರೊಡನೆ ಮಾತು ಸುಲಭವಾಗಿ ಬೆಳೆಯುವುದೆಂಬುದನ್ನು ರಾತ್ರಿಯ ಬಸ್ಸಿನಲ್ಲಿ ಪ್ರಯಾಣ ಮಾಡಿದ ಯಾರಾದರೂ ಬಲ್ಲರು.

ಬ್ರಿಟನ್ನಿನ ಕಾನೂನಿನ ಪ್ರಕಾರ ರಾತ್ರಿಯಲ್ಲಿ ಸಂಚರಿಸುವ ಬೈಸಿಕಲ್ಲಿಗೆ ಮುಂದುಗಡೆ ಬಿಳಿಯ ದೀಪವೂ ಹಿಂದುಗಡೆ ಕೆಂಪು ದೀಪವೂ ಇರಲೇಬೇಕು. ಈ ಬಣ್ಣಗಳಿಂದ ಇನ್ನೊಂದು ಪ್ರಯೋಜನವೂ ಇದೆ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಹೀಗೆ ಹೊಂದಿಕೊಂಡ ಕಣ್ಣನ್ನು ಬಿಳಿಯ ಬೆಳಕು ಕ್ಷಣಮಾತ್ರದಲ್ಲಿ ಕುರುಡಾಗಿಸುತ್ತದೆ. ಮಂದವಾದ ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ. ಆದ್ದರಿಂದ ಮುಂದಿನವನ ಕೆಂಪು ದೀಪವನ್ನು ಹಿಂಬಾಲಿಸುತ್ತಲೇ ರಸ್ತೆಯ ಅಂಚನ್ನೂ ಬೇಲಿಯ ಗಿಡಗಳನ್ನೂ ಗುರುತಿಸಲು ಸಾಧ್ಯವಾಗುತ್ತದೆ. ದಿಬ್ಬವೊಂದರ ಮೇಲೆ ನಿಂತು ಹಿಂದಿರುಗಿ ನೋಡಿದರೆ ಬಿಳಿಯ ದೀಪಗಳ ಸಾಲು, ಮುಂದೆ ನೋಡಿದರೆ ಕೆಂಡದ ಕಿಡಿಗಳ ಸಾಲು.

ಐವತ್ತು ಅರವತ್ತು ಮಂದಿ ಅಪರಿಚಿತರು ಕತ್ತಲೆಯಲ್ಲಿ ದಾರಿ ತಪ್ಪದೆ ಒಟ್ಟಾಗಿ ಸಾಗುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡಿರುವ ಉಪಾಯವು ಸರಳವಾಗಿದೆ. ಎಲ್ಲರಿಗಿಂತ ಮುಂದೆ ದಾರಿ ಬಲ್ಲ ಮುಂದಾಳು ಇರುತ್ತಾನೆ. ಎಲ್ಲರಿಗಿಂತ ಹಿಂದೆ ಒಬ್ಬಿಬ್ಬರು ಅನುಭವಿಗಳು ಬರುತ್ತಾರೆ. ಹೀಗೆ ಕೊನೆಯಲ್ಲಿ ಬರುವವನಿಗೆ ‘ಬಾಲದ ತುದಿಯ ಚಾರ್ಲಿ’ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕುಳಿತಿರುತ್ತಿದ್ದವನನ್ನು ಸೈನಿಕರು ಹಾಗೆ ಕರೆಯುತ್ತಿದ್ದರು. ದಾರಿಯು ತಿರುಗುವ ಪ್ರತಿಯೊಂದು ಕಡೆಯಲ್ಲೂ ಮುಂದಾಳು ತನ್ನ ಬೆನ್ನ ಹಿಂದಿರುವ ಸವಾರನೊಬ್ಬನನ್ನು ನಿಲ್ಲಿಸಿ ಮುಂದೆ ಸಾಗುತ್ತಾನೆ. ನಿಂತವನ ಕೆಲಸವೆಂದರೆ ಬರುವವರಿಗೆಲ್ಲ ದಾರಿ ತೋರುವುದು. ಬಾಲದ ತುದಿಯ ಚಾರ್ಲಿ ಬಂದ ಮೇಲೆಯೇ ಅವನು ಅಲ್ಲಿಂದ ಕದಲಬೇಕು. ಮುಂದಿನ ತಿರುವಿನಲ್ಲಿ ಮತ್ತೊಬ್ಬನು ನಿಲ್ಲುತ್ತಾನೆ. ಹೀಗೆ ಒಂದು ರಾತ್ರಿಯಲ್ಲಿ ಎಷ್ಟೋ ಮಂದಿ ಕೆಲವು ನಿಮಿಷಗಳ ಕಾಲ ಕೈಕಂಬವಾಗುತ್ತಾರೆ. ಸಾಲಿನ ಮುಂದಿದ್ದವನು ಹಿಂದಕ್ಕೆ ಬೀಳುತ್ತಾನೆ, ನಡುವಿದ್ದವನು ಮುಂದಕ್ಕೆ ಬರುತ್ತಾನೆ. ಯಾರೂ ಒಂದೇ ಗೆಳೆಯನೊಡನೆ ಅಂಟಿಕೊಂಡಿರಲು ಬರುವುದಿಲ್ಲ.

ಬೆಟ್ಟದ ಏರನ್ನು ಹತ್ತಿದ ಬಳಿಕ ಗುಂಪು ನಿಂತು ಕಾಯುತ್ತದೆ. ಕೊನೆಯವನೂ ಬಂದು ಸೇರಿದನೆಂದರೆ ಹಿಂದಿನಿಂದ ‘ಎಲ್ಲರೂ ಬಂದರು’ ಎಂಬರ್ಥದ ಕೂಗು ಕೇಳಿಬರುತ್ತದೆ. ಆ ಕೂಗು ಕೇಳುವ ತನಕ ಮುಂದಾಳು ಮುಂದೆ ಹೋಗುವಂತಿಲ್ಲ.

ಕೇಳುವುದಕ್ಕೆ ಇದು ಸೊಗಸಾಗಿದೆ. ನಡೆಸುವಾಗ ಅಷ್ಟು ಸುಲಭವಲ್ಲ. ರಾತ್ರಿ ಎರಡು ಗಂಟೆಯ ಸಮಯದಲ್ಲಿ ಒಬ್ಬನ ಬೈಸಿಕಲ್ ಪಂಕ್ಚರಾಯಿತೆಂದು ಭಾವಿಸಿರಿ. ಟೈರನ್ನು ಬಿಚ್ಚಿ, ಮುಳ್ಳನ್ನು ಹುಡುಕಿ ತೆಗೆದು, ಹೊಸ ಟ್ಯೂಬನ್ನು ಕೂರಿಸಿ, ಗಾಳಿ ಹಾಕುವುದಕ್ಕೆ ಹದಿನೈದು ನಿಮಿಷಗಳಾದರೂ ಬೇಕು. ಅಷ್ಟು ಹೊತ್ತೂ ಉಳಿದವರು ರಸ್ತೆಯ ಬದಿಯಲ್ಲಿ ನಿಂತಿರಬೇಕು. ಏರು ಹತ್ತಿ ಬೆವತ ಮೈ ನಿಂತೊಡನೆ ತಣ್ಣಗಾಗುತ್ತದೆ. ಇಂಗ್ಲೆಂಡಿನ ಬೇಸಗೆಯ ರಾತ್ರಿಯೂ ನಡುಕ ಹುಟ್ಟಿಸಬಲ್ಲದು. ಬಲಶಾಲಿಯಾದ ಸವಾರನಿಗೆ ಅಸಹನೆ ಉಂಟಾಗುವುದು ಸಹಜ. ಇವರಿಗಾಗಿ ನಾನೇಕೆ ಚಳಿಯಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಅನ್ಯಾಯದ್ದೆಂದು ತಳ್ಳಿಹಾಕುವಂತಿಲ್ಲ. ಅವನು ತನ್ನ ಶಕ್ತಿಯನ್ನು ಕಷ್ಟಪಟ್ಟು ಗಳಿಸಿಕೊಂಡವನು. ಆದರೆ ನಿಧಾನವಾಗಿ ಬರುವವನ ಪಾಡು ಇದಕ್ಕಿಂತ ಕಠಿನವಾದುದು. ಪ್ರತಿ ಏರಿನ ತುದಿಯಲ್ಲೂ ಅವನು ಉಸಿರು ಕಟ್ಟಿಕೊಂಡು ತಲುಪುವಾಗ ಎಲ್ಲರೂ ಅವನಿಗಾಗಿಯೇ ಕಾಯುತ್ತಿರುತ್ತಾರೆ. ಅವನು ತಲುಪಿದೊಡನೆ ಗುಂಪು ಹೊರಡುವುದರಿಂದ ಅತಿ ಕಡಿಮೆ ವಿಶ್ರಾಂತಿ ದೊರೆಯುವುದೂ ಅವನಿಗೇ. ಒಳ್ಳೆಯ ಮುಂದಾಳು ಇದನ್ನು ಬಲ್ಲನು. ಕೊನೆಯವನು ಬಂದ ಮೇಲೂ ಏನಾದರೊಂದು ನೆಪ ಮಾಡಿ ಎರಡು ನಿಮಿಷ ತಡೆಯುತ್ತಾನೆ. ಈ ಎರಡು ನಿಮಿಷಗಳ ತಡೆಯೇ ಇಡೀ ಏರ್ಪಾಡಿನಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗವೆಂದು ನನಗೆ ತೋರುತ್ತದೆ.

ಕಾಯದೆಯೇ ಕಡಲಿಗೆ ಸಾಗುವ ಇನ್ನೊಂದು ಪದ್ಧತಿಯೂ ಅದೇ ನಗರದಲ್ಲಿ ಹುಟ್ಟಿದೆ. ಅದರ ಹೆಸರು ‘ಡನಿಚ್ ಡೈನಮೊ’. ಬೈಸಿಕಲ್ಲಿನ ಚಕ್ರಕ್ಕೆ ಒರಗಿ ತಿರುಗುತ್ತ ದೀಪ ಬೆಳಗಿಸುವ ಡೈನಮೊವನ್ನು ನಮ್ಮಲ್ಲಿಯೂ ಹಿರಿಯರು ಬಲ್ಲರು. 1990ರ ದಶಕದ ಆರಂಭದಲ್ಲಿ ಮೊದಲಾದ ಈ ಸವಾರಿಯು ಜುಲೈ ತಿಂಗಳ ಹುಣ್ಣಿಮೆಗೆ ಸಮೀಪವಾದ ಶನಿವಾರ ಸಂಜೆ, ಪೂರ್ವ ಲಂಡನ್ನಿನ ಹ್ಯಾಕ್ನಿ ಎಂಬಲ್ಲಿಂದ ಹೊರಡುತ್ತದೆ. ಎಪ್ಪಿಂಗ್ ಕಾಡನ್ನು ಹಾದು, ಎಸೆಕ್ಸ್ ಮತ್ತು ಸಫೋಕ್ ಪ್ರಾಂತಗಳ ಹಳ್ಳಿಗಳ ನಡುವೆ ಸುಮಾರು 180 ಕಿಲೋಮೀಟರು ಸಾಗಿ ಡನಿಚ್ ಗ್ರಾಮದ ಕಡಲ ದಡದಲ್ಲಿ ಕೊನೆಗೊಳ್ಳುತ್ತದೆ. ಇಲ್ಲಿ ಮುಂದಾಳಿಲ್ಲ, ಬಾಲದ ಚಾರ್ಲಿಯಿಲ್ಲ, ಹೆಸರು ನೋಂದಾಯಿಸುವ ಕ್ರಮವೂ ಇಲ್ಲ. ನೂರಾರು ಮಂದಿ ತಮ್ಮ ತಮ್ಮ ಹೊಣೆಯ ಮೇಲೆ ಹೊರಡುತ್ತಾರೆ. ತಿರುವುಗಳಲ್ಲಿ ಗಾಜಿನ ಸೀಸೆಯೊಳಗೆ ಉರಿಯುವ ಮೇಣದ ಬತ್ತಿಗಳನ್ನು ಯಾರೋ ಇಟ್ಟು ಹೋಗಿರುವುದುಂಟು. ಕೆಟ್ಟುನಿಂತ ಬೈಸಿಕಲ್ಲಿನ ಬಳಿ ಹಾದುಹೋಗುವವರು ಸಹಾಯ ಬೇಕೇ ಎಂದು ಕೇಳುತ್ತಾರೆ. ಆದರೆ ಕೇಳಲೇಬೇಕೆಂಬ ಕಟ್ಟಳೆಯಿಲ್ಲ.

ಆ ಸವಾರಿ ತಲುಪುವ ಡನಿಚ್ ಗ್ರಾಮದ ಕಥೆಯು ವಿಚಿತ್ರವಾದುದು. ಮಧ್ಯಯುಗದಲ್ಲಿ ಅದು ಇಂಗ್ಲೆಂಡಿನ ದೊಡ್ಡ ರೇವುಪಟ್ಟಣಗಳಲ್ಲಿ ಒಂದಾಗಿತ್ತು. 1286ರಲ್ಲಿಯೂ 1328ರಲ್ಲಿಯೂ ಬೀಸಿದ ಬಿರುಗಾಳಿಗಳು ಅದನ್ನು ಹಾಳುಗೆಡವಿದವು. ಕಡಲು ದಡವನ್ನು ಕೊರೆಯುತ್ತ ಬೀದಿಗಳನ್ನೂ ಗುಡಿಗಳನ್ನೂ ನುಂಗಿತು. ಊರು ಬಹುಪಾಲು ನೀರಿನಡಿ ಸೇರಿದ ಮೇಲೂ 1832ರ ಸುಧಾರಣಾ ಕಾಯಿದೆಯವರೆಗೆ ಅದು ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು! ಬೆಳಗಿನ ಜಾವದಲ್ಲಿ ಅಲ್ಲಿಗೆ ಬಂದಿಳಿಯುವ ಸವಾರರಿಗೆ ಕಾಣುವುದು ಉರುಟುಗಲ್ಲುಗಳ ದಡವೊಂದೇ.

ಮತ್ತೆ ಬ್ರೈಟನ್ನಿನ ದಾರಿಗೆ ಬರೋಣ. ಅರ್ಧ ದಾರಿಯಲ್ಲಿ ಚಹಾ ಮತ್ತು ಉಪಾಹಾರಕ್ಕಾಗಿ ಬಿಡಾರವುಂಟು. ನಿಜವಾದ ಪರೀಕ್ಷೆಯು ಅಲ್ಲಿಂದ ಎದ್ದು ಹೊರಡುವಾಗ ಬರುತ್ತದೆ. ಮನುಷ್ಯನ ಮೈಯ ಶಾಖವು ದಿನದಲ್ಲಿ ಒಂದೇ ಸಮನಾಗಿರದೆ, ಬೆಳಗಿನ ಜಾವ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಅತ್ಯಂತ ಕೆಳಗಿಳಿಯುತ್ತದೆ. ನಿದ್ರೆಯ ಒತ್ತಡವೂ ಆಗಲೇ ಹೆಚ್ಚು. ತುಳಿಯುತ್ತಿರುವಾಗಲೇ ರೆಪ್ಪೆಗಳು ಮುಚ್ಚಿಕೊಳ್ಳುತ್ತವೆ. ಪಕ್ಕದಲ್ಲಿ ಮಾತನಾಡುವವರಿದ್ದರೆ ಕಣ್ಣು ತೆರೆದಿರುತ್ತದೆ; ಈ ಗಳಿಗೆಯಲ್ಲಿ ಗುಂಪಿನ ಹರಟೆಯೇ ಔಷಧ.

ಆ ಹೊತ್ತಿಗೆ ದಾರಿಯು ವೀಲ್ಡ್ ಎಂಬ ಪ್ರದೇಶದಲ್ಲಿರುತ್ತದೆ. ಇದರ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಸುಣ್ಣಗಲ್ಲಿನ ಗುಡ್ಡಸಾಲುಗಳಿವೆ. ಬಹು ಹಿಂದೆ ಇವೆರಡೂ ಒಂದೇ ಕಮಾನಿನಂತೆ ಮೇಲೆದ್ದ ಸುಣ್ಣಗಲ್ಲಿನ ಪದರವಾಗಿದ್ದವು. ಆ ಕಮಾನಿನ ನೆತ್ತಿಯನ್ನು ಮಳೆ ಗಾಳಿಗಳು ಸವೆಸಿಬಿಟ್ಟುದರಿಂದ ಅಂಚುಗಳು ಮಾತ್ರ ಉಳಿದವು. ದಕ್ಷಿಣದ ಅಂಚಿನಲ್ಲಿ, 248 ಮೀಟರು ಎತ್ತರದ ಡಿಚ್ಲಿಂಗ್ ಬೀಕನ್ ಎಂಬ ಗುಡ್ಡ, ಕಡಲಿಗೆ ಮೊದಲಿನ ಕೊನೆಯ ಗೋಡೆಯಂತೆ ನಿಂತಿದೆ. ರಾತ್ರಿಯಿಡೀ ತುಳಿದ ಕಾಲುಗಳಿಗೆ ಈ ಒಂದೂವರೆ ಕಿಲೋಮೀಟರಿನ ಏರು ಬಹಳ ದೀರ್ಘವೆನಿಸುತ್ತದೆ. ಕೆಲವರು ಇಳಿದು ಬೈಸಿಕಲ್ಲನ್ನು ತಳ್ಳಿಕೊಂಡು ಹತ್ತುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ನೆತ್ತಿಯಿಂದ ನೋಡಿದರೆ ಮುಂದೆ ಸಮುದ್ರವು ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ.

ಅಲ್ಲಿಂದ ಬ್ರೈಟನ್ನಿಗೆ ಇಳಿಜಾರು. ಊರೊಳಗೆ ಬಂದ ಭಾರತೀಯನೊಬ್ಬನು ತಟ್ಟನೆ ನಿಂತುಬಿಡಬಹುದು. ಗುಮ್ಮಟಗಳೂ ಮಿನಾರುಗಳೂ ಕೂಡಿದ ಅರಮನೆಯೊಂದು ಅಲ್ಲಿದೆ. ನಾಲ್ಕನೆಯ ಜಾರ್ಜನಿಗಾಗಿ ಜಾನ್ ನ್ಯಾಷ್ ಎಂಬ ಶಿಲ್ಪಿಯು ಅದಕ್ಕೆ ಈ ಭಾರತೀಯ ರೂಪವನ್ನು ಕೊಟ್ಟನು. ಮೊದಲನೆಯ ಮಹಾಯುದ್ಧದಲ್ಲಿ, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ, ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಅದು ಆಸ್ಪತ್ರೆಯಾಗಿತ್ತು. ಮಡಿದ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡದ ಮೇಲೆ ದಹನ ಮಾಡಿದರು. ಆ ಸ್ಥಳದಲ್ಲಿ ಅಮೃತಶಿಲೆಯ ಛತ್ರಿಯೊಂದು 1921ರಲ್ಲಿ ಅನಾವರಣಗೊಂಡಿತು. ಸವಾರರು ದಾಟಿ ಬಂದ ಗುಡ್ಡಸಾಲಿನಲ್ಲೇ ಅದೂ ಇದೆ.

ದಡದಲ್ಲಿ ಮರಳಿಲ್ಲ, ಉರುಟುಗಲ್ಲುಗಳಿವೆ. ಬೈಸಿಕಲ್ಲುಗಳನ್ನು ಒರಗಿಸಿ ಕೆಲವರು ಬೂಟುಗಳನ್ನು ಕಳಚಿ ನೀರಿಗಿಳಿಯುತ್ತಾರೆ. ಹೆಚ್ಚಿನವರು ಬಿಸಿಬಿಸಿಯಾದ ಉಪಾಹಾರ ದೊರೆಯುವ ಅಂಗಡಿಯನ್ನು ಹುಡುಕುತ್ತಾರೆ. ಕೊನೆಯವನು ಇನ್ನೂ ಬಂದಿರುವುದಿಲ್ಲ. ಮೇಜಿನ ಬಳಿ ಅವನಿಗೊಂದು ಕುರ್ಚಿಯನ್ನು ಎಳೆದು ಇಟ್ಟಿರುತ್ತಾರೆ. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ಅವನೂ, ಅವನ ಹಿಂದೆ ಚಾರ್ಲಿಯೂ ಕಾಣಿಸಿಕೊಳ್ಳುತ್ತಾರೆ. ಹಗಲಾಗಿದ್ದರೂ ಹಿಂದಿನ ಕೆಂಪು ದೀಪವನ್ನು ಆರಿಸಲು ಇಬ್ಬರೂ ಮರೆತಿರುತ್ತಾರೆ.